ಬೇಡ ಅಂದಿದ್ದು ಕಿತ್ತಳೆ ಬಣ್ಣಕ್ಕೆ

"ಯಾರ್ರೀ ಈ ಗಾಡಿಗೆ ಸಿಡುಬು ಬರಿಸಿದ್ದು?"

ಅಂಗಡಿಯ ಮುಂದೆ ಬಂದು ನಿಂತ ಬೈಕನ್ನು ನೋಡಿದ್ದೇ ತಡ, ಅವಳ ಬಾಯಿಂದ ಬಿದ್ದ ಮೊದಲ ಮಾತೇ ಅದು.

ಹೆಲ್ಮೆಟ್ ತೆಗೆಯುತ್ತಿದ್ದವನು ಅರ್ಧಕ್ಕೇ ನಿಂತುಬಿಟ್ಟ. ಗಲ್ಲ ಹೊರಗೆ, ಕಣ್ಣು ಒಳಗೆ!

ಅವಳು ಆಗಲೇ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮುಗಿಸಿದ್ದಳು. "ಇಲ್ಲಿ ನೋಡಿ, ಸ್ಟಿಕ್ಕರ್ ಒಳಗೆ ಒಂದೊಂದು ಗುಳ್ಳೆ ಬಟಾಣಿ ಕಾಳಿನಷ್ಟಿದೆ. ಈ ಗೆರೆ ಅಂತೂ ಎಲ್ಲಿಗೋ ಹೊರಟು ದಾರೀಲಿ ಮನಸ್ಸು ಬದಲಾಯಿಸಿದ ಹಾಗಿದೆ. ಇದನ್ನ ಅಂಟಿಸಿದವನ ಕೈಗೆ ಎರಡು ಬಿಡಬೇಕು!"

ಹೆಲ್ಮೆಟ್ ಪೂರ್ತಿ ಹೊರಬಂತು. ಒಳಗಿದ್ದ ಮುಖ ನಗುತ್ತಿತ್ತು. ಆತ ಎರಡೂ ಕೈ ಮುಂದೆ ಚಾಚಿದ.

"ಬಿಡಿ ಮೇಡಂ. ಎರಡೂ ಇಲ್ಲೇ ಇವೆ."

ಅಯ್ಯೋ ದೇವರೇ... ಗಾಡಿಯವನೇ ಅಂಟಿಸಿದ್ದಾ!

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೋದರತ್ತೆ ಮಾತ್ರ ಸೀಟಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕೇ ನಕ್ಕರು.

ಬೈಕುಗಳ ಮೈಗೆ ಬಣ್ಣದ ಹಾಳೆ ಅಂಟಿಸುವುದು, ಗೆರೆ ಎಳೆಯುವುದು ಅವಳ ಕೆಲಸ. ಅಳತೆಪಟ್ಟಿ ಇಡದೆ ನೇರ ಗೆರೆ ಎಳೆಯುತ್ತಾಳೆಂದು ಊರೆಲ್ಲ ಅವಳನ್ನು ಗೆರೆಯಕ್ಕ ಅನ್ನುತ್ತಿತ್ತು. ವಯಸ್ಸು ಮೂವತ್ನಾಲ್ಕು. ಹರಿದ ಸೀಟುಗಳಿಗೆ ಹೊಸ ಹೊದಿಕೆ ಹೊಲಿಯುವುದು ಅತ್ತೆಯ ಪಾಲು. ಇಬ್ಬರಿಗೂ ಸೇರಿ ಒಂದೇ ಅಂಗಡಿ, ಹಿಂದೆಯೇ ಮನೆ.

ಬಂದವನು ಲಿಫ್ಟ್ ರಿಪೇರಿಯವನು. ಊರೂರು ತಿರುಗಿ, ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವವನು. ಅವನ ಬೈಕೂ ಅದಕ್ಕೆ ತಕ್ಕ ಹಾಗೇ ಇತ್ತು. ದೂರದ ಓಟಕ್ಕೆಂದೇ ಮಾಡಿದ ಸ್ಪೋರ್ಟ್ ಟೂರಿಂಗ್ ಗಾಡಿ, ಮುಂದಿನಿಂದ ನೋಡಿದರೆ ರೇಸಿನ ಕುದುರೆ, ಹಿಂದಿನಿಂದ ನೋಡಿದರೆ ಎರಡು ಪೆಟ್ಟಿಗೆ ಹೊತ್ತ ಕತ್ತೆ. ಎಂಜಿನ್ ಗಟ್ಟಿಮುಟ್ಟು. ಮೈ ಮಾತ್ರ ಬಿಸಿಲಿಗೆ ಬೆಳ್ಳಗಾಗಿತ್ತು.

"ಹೋದಲ್ಲೆಲ್ಲ ಕಾವಲುಗಾರರು ನನ್ನ ಗಾಡಿ ನೋಡಿ ಹಿಂದಿನ ಗೇಟಿಗೆ ಹೋಗು ಅಂತಾರೆ ಮೇಡಂ. ಹೊಸದು ತಗೊಳ್ಳೋ ಶಕ್ತಿ ಇಲ್ಲ. ಕಡಿಮೆ ಖರ್ಚಲ್ಲಿ, ಮುಂದಿನ ಗೇಟಲ್ಲಿ ಒಳಗೆ ಬಿಡೋ ಹಾಗೆ ಮಾಡಿಕೊಡ್ತೀರಾ?"

ಅವಳಿಗೂ ನಗು ತಡೆಯಲಾಗಲಿಲ್ಲ.

"ಮಾಡ್ತೀನಿ. ಆದರೆ ಈ ಅಂಗಡಿಗೆ ಒಂದು ಕಟ್ಟಳೆ ಇದೆ. ಹಾಳೆ ಬಿಸಿ ಮಾಡಿ ಅಂಟಿಸಿದ ಮೇಲೆ ಕಿತ್ತರೆ ಹರಿದೇ ಹೋಗುತ್ತೆ. ಅದಕ್ಕೇ ಪ್ರತಿಯೊಂದಕ್ಕೂ ಮೊದಲು 'ಒಪ್ಪಿಗೇನಾ?' ಅಂತ ಕೇಳ್ತೀನಿ. ನೀವು ಬಾಯಿ ಬಿಟ್ಟು 'ಒಪ್ಪಿಗೆ' ಅನ್ನಬೇಕು. ಹೂಂ, ಉಹೂಂ, ತಲೆ ಅಲ್ಲಾಡಿಸೋದು, ಯಾವುದೂ ನಡೆಯಲ್ಲ."

"ಒಪ್ಪಿಗೆ," ಎಂದ ಆತ, ಕೈ ಕಟ್ಟಿ ನಿಂತು.

"ಇನ್ನೂ ಏನೂ ಕೇಳಿಲ್ಲ ರೀ!"

"ಮುಂಗಡ ಇರಲಿ ಮೇಡಂ."

ಅವಳ ಎದೆಯೊಳಗೆ ಏನೋ ಒಂದು ಸಣ್ಣಗೆ ಜಾರಿತು... ಅದನ್ನು ಅವಳು ಹಸಿವು ಅಂದುಕೊಂಡಳು!

ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಗಾಡಿ ಬಿಟ್ಟು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದು, ಆದಷ್ಟನ್ನು ನೋಡಿ, ಓಡಿಸಿಕೊಂಡು ಹೋಗುತ್ತಿದ್ದ. ನೋಡುವುದಕ್ಕೆ ಎರಡು ನಿಮಿಷ ಸಾಕು. ಅವನು ಮಾತ್ರ ಗಂಟೆಗಟ್ಟಲೆ ನೋಡುತ್ತಿದ್ದ. ಗಾಡಿಯನ್ನಂತೂ ಅಲ್ಲ.

"ಚಕ್ರದ ಅಂಚಿಗೆ ಬೆಳ್ಳಿ ಪಟ್ಟಿ. ಒಪ್ಪಿಗೇನಾ?"

"ಒಪ್ಪಿಗೆ."

"ಮುಂದೆ ಗಾಳಿ ತಡೆಯೋ ವೈಸರ್ ಗೀರು ಬಿದ್ದು ಕುರುಡಾಗಿದೆ. ಉಜ್ಜಿ ಹೊಳಪು ಮಾಡಿ, ಹೊಗೆ ಬಣ್ಣದ ಹಾಳೆ ಹಾಕ್ತೀನಿ. ಒಪ್ಪಿಗೇನಾ?"

"ಒಪ್ಪಿಗೆ. ನಿಮ್ಮ ಮೂಗಿನ ಮೇಲೆ ಪಾಲಿಶ್ ಆಗಿದೆ."

"ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ!"

ಅತ್ತೆ ಸೀಟಿಗೆ ಕಪ್ಪು ಹೊದಿಕೆ ಹೊಲಿದು, ಕೆಂಪು ದಾರದಲ್ಲಿ ಅಂಚು ಕಟ್ಟಿದರು. ಹಿಂದಿನ ಸೀಟಿಗೆ ಯಾರೂ ಹೇಳದೇನೇ ಎರಡು ಬೆರಳು ದಪ್ಪ ಸ್ಪಂಜು ಜಾಸ್ತಿ ಇಟ್ಟರು.

"ಅಲ್ಲಿ ಯಾರೂ ಕೂರಲ್ಲ ಅಮ್ಮಾ," ಎಂದ ಆತ.

"ಈಗ ಕೂರಲ್ಲ ಲಿಫ್ಟಪ್ಪಾ," ಎಂದರು ಅತ್ತೆ, ದಾರ ಕಚ್ಚುತ್ತ. "ಸೀಟು ಗಟ್ಟಿಯಾಗಿದ್ದರೆ ಯಾರು ತಾನೇ ಕೂತಾರು?"

ಅವಳ ಕಿವಿ ಕೆಂಪಾಯಿತು. ಅವನ ಕಿವಿಯೂ!

ವಾರದಲ್ಲಿ ಮುಗಿಯಬೇಕಾದ ಕೆಲಸ ಮೂರನೇ ವಾರಕ್ಕೆ ಬಂತು. ಇವತ್ತು ಹಿಡಿಕೆಗೆ ಹೊಸ ರಬ್ಬರ್, ನಾಳೆ ಟ್ಯಾಂಕಿಗೆ ಪ್ಯಾಡ್, ನಾಡಿದ್ದು ಪೆಟ್ಟಿಗೆಯ ಅಂಚಿಗೆ ಗೆರೆ. ಅವಳ ಕೈ ಬೇಕಂತಲೇ ನಿಧಾನವಾಗಿತ್ತು.

'ಹೊಳಪು ಬಂದ ಮೇಲೆ ಯಾವ ಗಾಡಿ ತಾನೇ ಇಲ್ಲಿ ನಿಂತಿದೆ? ಇವರೂ ಹೋಗ್ತಾರೆ... ಹೋಗದೇ ಇರಲಿ ಅಂತ ಹೇಗೆ ಹೇಳಲಿ? ಯಾವ ಬಾಯಲ್ಲಿ ಹೇಳಲಿ?'

"ಏನೇ ಹುಡುಗೀ," ಎಂದು ಅತ್ತೆ ಛೇಡಿಸಿದರು, "ಈ ಗಾಡಿ ತಯಾರಾಗೋಷ್ಟರಲ್ಲಿ ಊರಿನ ರಸ್ತೆಯೆಲ್ಲ ಸವೆದುಹೋಗುತ್ತೆ ನೋಡು!"

ಕೊನೆಗೆ ಉಳಿದಿದ್ದು ಟ್ಯಾಂಕಿನ ಮತ್ತು ಮೈಯ ಬಣ್ಣದ ಹಾಳೆ. ಆ ಸಂಜೆ ಆತ ತಾನೇ ಅಗ್ಗಕ್ಕೆ ಸಿಕ್ಕಿತೆಂದು ಕಿತ್ತಳೆ ಬಣ್ಣದ ಒಂದು ಸುರುಳಿ ತಂದು ಮೇಜಿನ ಮೇಲಿಟ್ಟಿದ್ದ. ಅವಳು ಹೀಟ್ ಗನ್ ಹಿಡಿದು ಪೆಟ್ಟಿಗೆಯ ಮೂಲೆಗೆ ಬಿಸಿಗಾಳಿ ಬಿಡುತ್ತ, ಬಗ್ಗಿ ಕೂತಿದ್ದಳು. ಒಳಗೆ ಅತ್ತೆಯ ಯಂತ್ರ ಟಕಟಕ ಅನ್ನುತ್ತಿತ್ತು.

ಆತ ಎರಡು ಸಲ ಗಂಟಲು ಸರಿಮಾಡಿಕೊಂಡ. ಮೂರು ರಾತ್ರಿ ಕಲಿತ ಮಾತು ಅದು, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಬಾಯಿಪಾಠವಾಗಿತ್ತು.

"ನನಗೆ ಹೇಳಿಕೊಳ್ಳೋಕೆ ಬರಲ್ಲ. ನಿಮ್ಮ ಜೊತೆ ಬಾಳಬೇಕು ಅಂತ ಆಸೆ. ನಿಮ್ಮ ಮಾತಲ್ಲೇ ಕೇಳ್ತೀನಿ... ಒಪ್ಪಿಗೇನಾ?"

ಹೀಟ್ ಗನ್ನಿನ ಭೋರ್ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಒಂದು ಪದ. ಕೊನೆಯದು!

ಅವಳು ತಲೆ ಎತ್ತದೆ, ಮೇಜಿನ ಮೇಲಿನ ಕಿತ್ತಳೆ ಸುರುಳಿಯ ಕಡೆ ಮೊಣಕೈ ತೋರಿಸಿ, ಸದ್ದಿಗಿಂತ ಜೋರಾಗಿ ಕೂಗಿ ಹೇಳಿದಳು.

"ಬೇಡಪ್ಪಾ ಬೇಡ! ಮೇಲ್ನೋಟಕ್ಕೆ ಚೆಂದ, ಅಷ್ಟೇ. ಆರು ತಿಂಗಳೂ ಬಾಳಲ್ಲ. ಇಂಥವು ನೂರು ನೋಡಿ, ಕಿತ್ತು ಕಸಕ್ಕೆ ಹಾಕಿದ್ದೀನಿ!"

ಹೀಟ್ ಗನ್ ಆರಿಸಿ ಅವಳು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಬೈಕು ಅಲ್ಲೇ ಇತ್ತು. ಬೀಗದ ಕೈಯೂ ಅಲ್ಲೇ ಇತ್ತು.

"ಯಾಕೇ?" ಅತ್ತೆ ಹೊರಗೆ ಬಂದರು. "ಲಿಫ್ಟಪ್ಪನ ಮುಖ ಸೀದಾ ನೆಲಮಾಳಿಗೆಗೆ ಇಳಿದಿತ್ತಲ್ಲ?"

"ಬಣ್ಣ ಬೇಡ ಅಂದೆ ಅತ್ತೆ. ಅಷ್ಟಕ್ಕೇ ಸಿಟ್ಟು ಮಾಡ್ಕೊಳ್ಳೋದಾ!"

ಒಂದು ದಿನ ಕಳೆಯಿತು. ಎರಡು, ಮೂರು... ಫೋನ್ ಮಾಡಿದರೆ ಎತ್ತಲಿಲ್ಲ. ಅವಳಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು.

'ನೂರು ಜನರಿಗೆ ಇದೇ ಮಾತು ಹೇಳಿದ್ದೀನಿ. ಯಾರೂ ಹೀಗೆ ಹೋಗಲಿಲ್ಲ. ನನ್ನ ಬಾಯಿಗೆ ಬೀಗ ಹಾಕ!'

ನಾಲ್ಕನೇ ದಿನ ಅವಳು ತನ್ನ ಅಂಗಡಿಯ ಕಟ್ಟಳೆಯನ್ನು ತಾನೇ ಮುರಿದಳು. ಒಳ್ಳೆಯ ಹಾಳೆಯ ಸುರುಳಿ ಒಂದನ್ನು ಬಿಚ್ಚಿದಳು. ಕಾಡಿನ ಎಲೆಯಂಥ ಗಾಢ ಹಸಿರು. ಯಾರ ಒಪ್ಪಿಗೆಯನ್ನೂ ಕೇಳದೆ, ಬೆಳಗಿನಿಂದ ಸಂಜೆಯವರೆಗೆ, ಒಂದೂ ಗುಳ್ಳೆ ಏಳದಂತೆ ಬೈಕಿನ ಮೈತುಂಬ ಹೊದಿಸಿದಳು. ಕೆನ್ನೆಯಿಂದ ಇಳಿದ ಹನಿಗಳನ್ನು ಹಾಳೆ ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡಳು.

ಐದನೇ ದಿನ ಬೆಳಿಗ್ಗೆ ಆತ ಬಂದ. ಬೆನ್ನಿಗೆ ದೊಡ್ಡ ಚೀಲ. ಮುಖದಲ್ಲಿ ನಗು ಇರಲಿಲ್ಲ.

"ಗಾಡಿ ತಗೊಂಡು ಹೋಗೋಕೆ ಬಂದೆ ಮೇಡಂ. ಉತ್ತರದ ಊರುಗಳ ಸುತ್ತು ನೋಡ್ಕೋ ಅಂತ ಕಂಪನಿಯವರು ಬಹಳ ದಿನದಿಂದ ಹೇಳ್ತಿದ್ರು. ಆಗಲ್ಲ ಅಂತಿದ್ದೆ. ಈಗ ಹೂಂ ಅಂದೆ. ಮೂರು ವರ್ಷ."

ಮೂರು ವರ್ಷ!

ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. 'ಹೇಳು, ಈಗಲಾದರೂ ಹೇಳು' ಎಂದು ಎದೆ ಬಡಿದುಕೊಂಡಿತು. ಬಾಯಿ ಮಾತ್ರ ಅಂಗಡಿಯ ಮಾತನ್ನೇ ಆಡಿತು.

"ನಿಮ್ಮನ್ನ ಕೇಳದೇ ಹಸಿರು ಹಾಕಿದ್ದೀನಿ. ತಪ್ಪು ನನ್ನದೇ. ಈಗ ನೋಡಿ ಹೇಳಿ... ಒಪ್ಪಿಗೇನಾ?"

ಆತ ಬೈಕನ್ನು ನೋಡಲಿಲ್ಲ.

"ದಯವಿಟ್ಟು ಆ ಮಾತು ಕೇಳಬೇಡಿ. ನಾನು ಕೇಳಿದಾಗ ನೀವು ಏನಂದ್ರಿ?"

"ಬೇಡ ಅಂದೆ."

"ಮೇಲ್ನೋಟಕ್ಕೆ ಚೆಂದ, ಬಾಳಲ್ಲ ಅಂದ್ರಿ. ಇಂಥವು ನೂರು ಕಿತ್ತು ಕಸಕ್ಕೆ ಹಾಕಿದ್ದೀನಿ ಅಂದ್ರಿ."

"ಅಂದೆ! ಇವತ್ತೂ ಅದನ್ನೇ ಅಂತೀನಿ. ಅಗ್ಗದ ಮಾಲು ರೀ ಅದು! ಬಿಸಿಲಿಗೆ ಸುಕ್ಕಾಗುತ್ತೆ, ಮಳೆಗೆ ಬಣ್ಣ ಬಿಡುತ್ತೆ..."

"ಮಳೆಗೆ... ಬಣ್ಣ ಬಿಡ್ತೀನಾ ನಾನು?"

"ನೀವ್ಯಾಕೆ ಬಿಡ್ತೀರಾ? ಆ ಕಿತ್ತಳೆ ಹಾಳೆ!"

"ಕಿತ್ತಳೆ?"

"ಕಿತ್ತಳೆ!"

ಒಳಗೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

ಆತ ಮೇಜಿನ ಮೇಲೆ ಇನ್ನೂ ಬಿದ್ದಿದ್ದ ಸುರುಳಿಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಸುರುಳಿಯನ್ನು ನೋಡಿದ.

"ಹಾಗಾದ್ರೆ ನೀವು... ನನಗೆ ಹೇಳಿದ್ದಲ್ವಾ?"

"ನಿಮಗ್ಯಾಕೆ ಹೇಳಲಿ? ಅಲ್ಲ... ನೀವು ಏನು ಕೇಳಿದ್ರಿ ಅವತ್ತು?"

ಆತ ಬಾಯಿ ತೆರೆದ. ಮೂರು ರಾತ್ರಿಯ ಬಾಯಿಪಾಠ ಪೂರ್ತಿ ಮರೆತುಹೋಗಿತ್ತು!

"ಅಯ್ಯೋ ಕೇಳೋ ಲಿಫ್ಟಪ್ಪಾ!" ಒಳಗಿನಿಂದ ಅತ್ತೆ ಕೂಗಿದರು. "ಮಹಡಿಗಳ ಮಧ್ಯೆ ಸಿಕ್ಕಿಹಾಕ್ಕೊಂಡವನ ಹಾಗೆ ನಿಂತಿದ್ದೀಯಲ್ಲ!"

"ನಿಮ್ಮನ್ನ ಕೇಳಿದೆ," ಎಂದ ಆತ, ತಡವರಿಸುತ್ತ. "ಬಣ್ಣ ಅಲ್ಲ. ನಿಮ್ಮನ್ನ. ನನ್ನ ಜೊತೆ ಬಾಳ್ತೀರಾ ಅಂತ."

ಅವಳು ಬೈಕಿನ ಹೊಸ ಸೀಟನ್ನು ಹಿಡಿದುಕೊಂಡಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಂಡವು.

"ಐದು ದಿನ ರೀ!" ಎಂದು ಅವನ ತೋಳಿಗೆ ಗುದ್ದಿದಳು. "ಐದು ದಿನ ಅನ್ನ ಇಳಿದಿಲ್ಲ ನನಗೆ! ಫೋನ್ ಎತ್ತಿ ಒಂದು ಮಾತು ಕೇಳೋಕಾಗ್ತಿರಲಿಲ್ವಾ?"

"ಇನ್ನೊಂದು ಸಲ ಕಸಕ್ಕೆ ಬೀಳೋ ಧೈರ್ಯ ಇರಲಿಲ್ಲ."

"ಒಪ್ಪಿಗೆ!" ಎಂದಳು ಅವಳು. ತಲೆ ಅಲ್ಲಾಡಿಸಲಿಲ್ಲ. ಬಾಯಿ ಬಿಟ್ಟು, ಬೀದಿಗೆ ಕೇಳುವಷ್ಟು ಜೋರಾಗಿ ಅಂದಳು. "ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ! ಕೇಳಿಸ್ತಾ?"

ಎದುರು ಅಂಗಡಿಯ ಬೀಗದವನು ಕತ್ತು ಹೊರಹಾಕಿ, "ಏನಾಯ್ತು ಗೆರೆಯಕ್ಕಾ?" ಎಂದ.

"ಗಿರಾಕಿ ಬಣ್ಣ ಒಪ್ಪಿಕೊಂಡ್ರಪ್ಪಾ, ನೀನು ಬೀಗ ನೋಡು ಹೋಗು!" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಆತ ಅಲ್ಲೇ ನಿಂತು ಕಚೇರಿಗೆ ಫೋನ್ ಮಾಡಿದ. ಮೂರು ವರ್ಷ ಆಗುವುದಿಲ್ಲ ಎಂದ. ಆ ಕಡೆಯ ಹೆಂಗಸು ಚೆನ್ನಾಗಿ ಬೈದರು. ಬೇರೆಯವರು ಸಿಗುವವರೆಗೆ ಒಂದು ತಿಂಗಳು ಹೋಗಲೇಬೇಕು ಎಂದರು. ಬೈಸಿಕೊಳ್ಳುವಾಗಲೂ ಆತ ನಗುತ್ತಲೇ ಇದ್ದ.

"ಒಂದು ತಿಂಗಳು," ಎಂದ, ಫೋನ್ ಜೇಬಿಗಿಟ್ಟು.

"ಹೂಂ. ಆಗ್ಲೇ ಕೇಳಿಸ್ತು."

ಆತ ಈಗ ಬೈಕನ್ನು ನೋಡಿದ. ಹಸಿರು ಮೈಯ ಮೇಲೆ ಬೆಳಗಿನ ಬಿಸಿಲು ನುಣ್ಣಗೆ ಕೂತಿತ್ತು. ಬೆರಳಿನಿಂದ ಟ್ಯಾಂಕನ್ನು ಮೆಲ್ಲಗೆ ಸವರಿದ.

"ದಾರೀಲಿ ಗೀರು ಬಿದ್ರೆ ಏನು ಮಾಡಲಿ?"

"ಇಲ್ಲಿಗೇ ತರಬೇಕು. ಬೇರೆ ಯಾರೂ ಮುಟ್ಟಬಾರದು."

"ಹಾಗಾದ್ರೆ ವಾರಕ್ಕೊಂದು ಗೀರು ನಾನೇ ಹಾಕ್ಕೊಂಡು ಬರ್ತೀನಿ."

"ಹಾಕಿ ನೋಡಿ! ಕೈ ಮುರೀತೀನಿ!"

ಆತ ಹೆಲ್ಮೆಟ್ ಕೈಗೆತ್ತಿಕೊಂಡ. ಅವಳು ಅದನ್ನು ಕಸಿದುಕೊಂಡು ತಾನೇ ಅವನ ತಲೆಗೆ ತೊಡಿಸಿ, ಗಲ್ಲದ ಪಟ್ಟಿ ಬಿಗಿದಳು. ಅವಳ ಬೆರಳುಗಳು ಅಲ್ಲೇ ಒಂದು ಗಳಿಗೆ ನಿಂತವು.

"ಗೀರೇನೂ ಬೇಡ," ಎಂದಳು, ಬರೀ ಅವನಿಗೆ ಕೇಳುವಷ್ಟು. "ಸುಮ್ಮನೆ ಬಾ."

"ಏನಂದ್ರಿ?"

"ಬಾ ಅಂದೆ... ಬೇಗ ಬಾ."

"ಬರ್ತೀನಿ ಕಣೇ."