ನಲವತ್ತೈದು ಸುತ್ತಿನ ಅವ್ವ

“ರಬ್ಬರ್ ಗಾಲಿಗೆ ಎಣ್ಣೆ ಹಾಕಿದ ಮೂರ್ಖ ಯಾರ್ರಿ?”

ಅಂಗಡಿಯಾತ ತಲೆಯೆತ್ತದೆ ಕೇಳಿದ. ಭುವನಾಳ ಮೈಯೆಲ್ಲ ಉರಿದುಹೋಯಿತು.

“ನಮ್ಮಪ್ಪ! ತೀರಿಕೊಂಡು ನಾಲ್ಕು ವರ್ಷ ಆತು. ಅವರಾದ ಮ್ಯಾಲ ನಾನ ಹಾಕೀನಿ. ಏನೀಗ?”

ಆಗ ತಲೆಯೆತ್ತಿದ ಹಾಲೇಶ್. ನಲವತ್ತು ದಾಟಿದ ಮುಖ, ಕ್ಷೌರ ಕಾಣದ ಗಡ್ಡ. ಕ್ಷಮೆ ಕೇಳುತ್ತಾನೇನೋ ಅಂದುಕೊಂಡಳು. ಕೇಳಲಿಲ್ಲ.

“ಬಂಡಿ ಕೀಲಿಗೆ ಹಾಕಿದಂಗ ಹಾಕೀರಿ. ಇದು ಬಂಡಿ ಅಲ್ಲವ್ವಾ, ರೆಕಾರ್ಡ್ ಪ್ಲೇಯರ್.”

ಆಂಧ್ರದ ಆದೋನಿಯಲ್ಲಿ ಈ ಹಳೇ ಮಿಷನ್ನುಗಳನ್ನು ಮುಟ್ಟುವವನು ಈತನೊಬ್ಬನೇ. ಇಲ್ಲದಿದ್ದರೆ ಭುವನಾ ಆ ಕ್ಷಣವೇ ಎದ್ದು ಹೋಗಿಬಿಡುತ್ತಿದ್ದಳು.

ಆಕೆಗೀಗ ಮೂವತ್ತೊಂಬತ್ತು. ಹತ್ತಿ ಮಾರ್ಕೆಟ್ ಯಾರ್ಡಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೆಲಸ. ಮದುವೆಯಾಗಿಲ್ಲ. ಯಾಕೆ ಅಂತ ಕೇಳುವವರೂ ಈಗ ದಣಿದು ಸುಮ್ಮನಾಗಿದ್ದಾರೆ. ಮನೆಗೆ ಹೋದರೆ ಎರಡು ಕೋಣೆ, ಒಂದು ಫ್ಯಾನು, ಮತ್ತೆ ಈ ಮಿಷನ್ನು.

ಅದರಲ್ಲಿ ಅವ್ವ ಇದ್ದಳು!

ಅವ್ವ ಗುರುಬಸಮ್ಮ ಬೀಸುವ ಪದ ಚೆನ್ನಾಗಿ ಹಾಡುತ್ತಿದ್ದಳಂತೆ. ಯಾರೋ ಬಳ್ಳಾರಿಗೆ ಕರೆದೊಯ್ದು ಒಂದೇ ಒಂದು ಸಣ್ಣ ರೆಕಾರ್ಡ್ ಮಾಡಿಸಿದ್ದರು. ಭುವನಾಳಿಗೆ ಎರಡು ತುಂಬುವುದರೊಳಗೆ ಆಕೆ ತೀರಿಹೋದಳು. ಮುಖ ನೆನಪಿಲ್ಲ. ನೆನಪಿರುವುದು ಆ ದನಿ ಮಾತ್ರ. ಭಾರವಾದ, ದಣಿದ, ನಿಧಾನದ ದನಿ. ಹಾಡಿನ ನಡುವೆ ಒಂದು ಕಡೆ ಉಸಿರು ಸಿಕ್ಕಿಕೊಳ್ಳುತ್ತದೆ... ಅಳು ನುಂಗಿದಂತೆ.

‘ಅವ್ವನೂ ನನ್ನ ಹಾಗೇ ಒಂಟಿ’ ಎಂದುಕೊಂಡೇ ಭುವನಾ ಬೆಳೆದಿದ್ದಳು.

“ಒಮ್ಮೊಮ್ಮೆ ನಿಂತುಬಿಡತೈತಿ. ಈ ಗಾಲಿ ತೆಗೆದು ಬೆಲ್ಟ್ ಹಾಕಲಿಕ್ಕಾಗತೈತೇನು? ಬೆಲ್ಟಿನದು ಛಲೋ ಅಂತಾರ,” ಎಂದಳು.

“ಯಾರಂದ್ರು? ಬೆಲ್ಟ್ ಮೆತ್ತಗ ಓಡತೈತಿ, ಮೋಟಾರಿನ ನಡುಕ ಹಾಡಿಗೆ ತಾಕಾಂಗಿಲ್ಲ, ಖರೇ. ಆದ್ರ ಒಂದು ಬ್ಯಾಸಗಿ ಸಾಕು ಲೊಳಲೊಳ ಆಗಲಿಕ್ಕೆ. ಇದು ನೋಡ್ರಿ, ಮೋಟಾರಿಗೂ ತಟ್ಟೆಗೂ ನಡುವ ಈ ಗಾಲಿ. ಎರಡನ್ನೂ ಒತ್ತಿ ಹಿಡೀತೈತಿ. ಒರಟು, ಗುರ್ ಅಂತೈತಿ. ಆದ್ರ ಕೈ ಬಿಡಾಂಗಿಲ್ಲ.”

“ನಿಮ್ಮಂಗ ಅನ್ರಿ. ಗುರ್ ಅನ್ನೋದು.”

ಹಾಲೇಶ್ ನಕ್ಕುಬಿಟ್ಟ! ಆ ಮುಖಕ್ಕೆ ನಗು ಬರುತ್ತದೆಂದು ಆಕೆ ಎಣಿಸಿರಲಿಲ್ಲ.

ಎರಡು ದಿನದ ಕೆಲಸ ಅಂದಿದ್ದ. ಎರಡು ವಾರವಾಯಿತು. ಆಫೀಸು ಬಿಟ್ಟವಳು ಸಂಜೆ ಅಂಗಡಿಗೆ ಬರುವಳು. “ಇನ್ನೂ ಆಗಿಲ್ಲ” ಎನ್ನುವನು. ಚಹಾ ತರಿಸುವನು. ಹೆಂಡತಿ ಬಿಟ್ಟುಹೋದ ಕಥೆಯನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ: “ಈ ಮಿಷನ್ ಕೂಡನ ಬಾಳೇ ಮಾಡು ಅಂದ್ಳು, ಮಾಡಾಕತ್ತೀನಿ.”

ಪಕ್ಕದ ಚಹಾದಂಗಡಿಯ ಪಕೀರಪ್ಪನ ಬಾಯಿ ಸುಮ್ಮನಿರಬೇಕಲ್ಲ!

“ಏಮಪ್ಪಾ ಹಾಲೇಶೂ, ಇಂಕಾ ಕಾಲೇದಾ? ಇನ್ನೂ ಆಗಿಲ್ಲೇನು? ಹತ್ತನೇ ಸಲ ಬಂದಾರ ಅಕ್ಕಾರು!”

“ನೀ ಹಾಲಿಗೆ ನೀರು ಹಾಕೋದು ನೋಡ್ಕೋ ಹೋಗು!”

ಒಂದು ಸಂಜೆ ಹಾಲೇಶ್ ಸುಮ್ಮನೆ ಕೇಳಿದ, “ಮಧ್ಯಾಹ್ನ ಉಂಡೀರೇನು? ಮುಖ ಬಾಡೇತಿ.”

ಭುವನಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಉಂಡೆಯಾ ಅಂತ ತನ್ನನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು...?

ಕೊನೆಗೊಂದು ಶನಿವಾರ ಮಿಷನ್ ಸಿದ್ಧವಾಯಿತು.

“ನಿಮಿಷಕ್ಕ ನಲವತ್ತೈದು ಸುತ್ತು ತಿರಗಬೇಕು. ಎಣ್ಣೆಗೆ ಗಾಲಿ ಜಾರಿ ನಲವತ್ತೊಂದಕ್ಕ ತೆವಳತಿತ್ತು. ಈಗ ಕೇಳ್ರಿ!” ಅವ್ವನ ರೆಕಾರ್ಡ್ ಇಟ್ಟು ಹೆಮ್ಮೆಯಿಂದ ಮುಳ್ಳು ಇಳಿಸಿದ.

ಹಾಡು ಬಂತು.

ಭುವನಾ ಬೆಚ್ಚಿದಳು. ಯಾರೀಕೆ? ತೆಳುವಾದ, ಚುರುಕಾದ, ಹುಡುಗಿಯ ದನಿ! ದಣಿವಿಲ್ಲ, ಭಾರವಿಲ್ಲ. ಮಡಿಲಲ್ಲಿ ಮಲಗಿಸಿಕೊಂಡು ತನ್ನ ದುಃಖ ಕೇಳುತ್ತಿದ್ದ ಅವ್ವ ಅಲ್ಲಿ ಇರಲೇ ಇಲ್ಲ!

“ಇದು ನಮ್ಮವ್ವ ಅಲ್ಲ!”

“ಇದ ನಿಮ್ಮವ್ವ. ಇಷ್ಟು ದಿನ ಕೇಳಿದ್ದು ಎಣ್ಣೆ ಮಾಡಿದ ತಪ್ಪು. ತಟ್ಟೆ ನಿಧಾನ ತಿರುಗಿದ್ರ ದನಿ ದಪ್ಪ ಆಗತೈತಿ.”

“ಸಾಕು ಮಾಡ್ರಿ! ಮೊದಲ ದಿನ ನಮ್ಮಪ್ಪಗ ಮೂರ್ಖ ಅಂದ್ರಿ. ಈಗ ನಮ್ಮವ್ವನ್ನೂ ಕೊಂದ್ರಿ! ನನಗಿದ್ದದ್ದು ಆಕಿ ಒಬ್ಬಾಕಿ...”

“ಅಳತಿ ಮಾಡೀನ್ರಿ, ಸುಳ್ಳು ಹೇಳಲಿಕ್ಕೆ ನನಗೇನು...”

“ನಿಮ್ಮ ಅಳತಿ ನಿಮ್ಮ ಕೂಡ ಇಟ್ಕೊಳ್ರಿ!”

ಮಿಷನ್ ಎತ್ತಿಕೊಂಡು ಆಟೋ ಹತ್ತಿದಳು. ಹಾಲೇಶ್ ಬಾಗಿಲಲ್ಲಿ ನಿಂತೇ ಇದ್ದ. ಆಕೆ ಮುಖ ತಿರುಗಿಸಿಕೊಂಡಳು.

ಮೂರು ವಾರ! ಮನೆ ಮೊದಲಿಗಿಂತ ಖಾಲಿಯಾಯಿತು. ಮೊದಲು ಅವ್ವನಾದರೂ ಇದ್ದಳು. ಈಗ ಹಾಡು ಹಚ್ಚಿದರೆ ಪರಿಚಯವಿಲ್ಲದ ಹುಡುಗಿಯೊಬ್ಬಳು ಹಾಡಿ ಹೋಗುತ್ತಿದ್ದಳು. ಸಂಜೆಯಾದರೆ ಕಾಲು ತಾನಾಗಿ ಆ ಗಲ್ಲಿಯ ಕಡೆ ತಿರುಗುತ್ತಿತ್ತು. ‘ಯಾಕೆ ಹೋಗಲಿ? ಆತ ಒಂದು ಫೋನ್ ಆದರೂ ಮಾಡಿದನೇ?’

ಒಂದು ಭಾನುವಾರ ತಡೆಯಲಾಗಲಿಲ್ಲ. ಅಪ್ಪ ಹಾಕುತ್ತಿದ್ದ ಔಡಲೆಣ್ಣೆಯ ಸೀಸೆ ತಂದಳು. ಒಂದು ಹನಿ ಗಾಲಿಗೆ ಬಿದ್ದರೆ ಸಾಕು, ಹಳೇ ಅವ್ವ ಬಂದುಬಿಡುತ್ತಾಳೆ... ಹಾಕುವ ಮೊದಲು ಕೊನೆಯ ಸಲ ಎಂಬಂತೆ ಆ ಹೊಸ ದನಿಯನ್ನು ಹಚ್ಚಿದಳು.

ಬಾಗಿಲಲ್ಲಿ ಏನೋ ದಪ್ಪೆಂದು ಬಿತ್ತು. ಅವ್ವನ ತಂಗಿ ಕೊಟ್ರಮ್ಮ! ಕಣ್ಣು ತೋರಿಸಲು ಸಿ. ಬೆಳಗಲ್‌ನಿಂದ ಬಂದವಳು, ಚೀಲ ಬಿಟ್ಟು ಹೊಸ್ತಿಲಲ್ಲೇ ಕುಸಿದು ಕೂತಿದ್ದಳು.

“ಅಕ್ಕಾ... ನಮ್ಮಕ್ಕನ ದನಿ!”

“ಚಿಗವ್ವಾ, ಇದು ಅವ್ವನ ದನಿನಾ? ಖರೇ ಹೇಳು!”

“ಇದಲ್ಲದ ಮತ್ತ್ಯಾವದು? ನಿಮ್ಮಪ್ಪ ಹಚ್ಚತಿದ್ದದ್ದು ಯಾರೋ ಮುದುಕಿ ದನಿ ಇದ್ದಂಗ ಇತ್ತು. ಹೆಣ್ತಿ ಕಳಕೊಂಡವ ಒಬ್ಬನ ಕೂತು ಕೇಳ್ತಾನ, ಯಾಕ ನೋಯಿಸಬೇಕಂತ ಸುಮ್ಮನಿದ್ದೆ ನಾ. ಇದು ನೋಡು, ನಮ್ಮಕ್ಕ! ಇಪ್ಪತ್ತೊಂದು ವರ್ಷದಾಕಿ!”

ಹಾಡು ಆ ಜಾಗಕ್ಕೆ ಬಂತು. ಉಸಿರು ಸಿಕ್ಕಿಕೊಂಡಿತು. ಕೊಟ್ರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಕೇಳಿದೇನು? ನಕ್ಕಾಳ!”

“ಅದು ಅಳು ಅಲ್ಲೇನು?”

“ಅಳು ಯಾತರದ! ನೀ ಹೊಟ್ಯಾಗಿದ್ದಿ ಆವಾಗ. ನಾನ ಬಾಜೂಕ ಕೂತಿದ್ದೆ. ಹಾಡುವಾಗ ನೀ ಒದ್ದಿ! ಆಕಿಗೆ ನಗು ತಡೀಲಿಲ್ಲ. ಮತ್ತೊಮ್ಮೆ ಹಾಡಮ್ಮಾ ಅಂದ್ರು ರೆಕಾರ್ಡ್ ಮಾಡೋರು. ಇಲ್ಲ, ನನ್ನ ಕೂಸಿನ ಒದಿಕಿನೂ ಇರಲಿ ಅದರಾಗ, ಅಂದ್ಳು.”

ಭುವನಾ ನೆಲದ ಮೇಲೆ ಕೂತುಬಿಟ್ಟಳು.

ಆ ರೆಕಾರ್ಡಿನಲ್ಲಿ ತಾನೂ ಇದ್ದಳು! ಮೂವತ್ತೊಂಬತ್ತು ವರ್ಷ ಒಂಟಿ ಹೆಂಗಸೊಬ್ಬಳ ಅಳು ಎಂದು ಕೇಳಿದ್ದು, ತನಗಾಗಿ ಉಕ್ಕಿದ ನಗು! ಎಷ್ಟು ಅತ್ತಳೋ... ಕೊಟ್ರಮ್ಮ ತಲೆ ಸವರುತ್ತ ಕೂತಳು.

ಅತ್ತು ಮುಗಿದ ಮೇಲೆ ಮೊದಲು ನೆನಪಾದದ್ದು ಅಂಗಡಿ ಬಾಗಿಲಲ್ಲಿ ನಿಂತಿದ್ದ ಹಾಲೇಶ್‌ನ ಮುಖ. ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಹೊಂಟಿ?”

“ತಪ್ಪಾತು ಅಂತ ಹೇಳಿ ಬರತೀನಿ, ಚಿಗವ್ವ.”

ಭಾನುವಾರವಾದರೂ ಅಂಗಡಿ ತೆರೆದಿತ್ತು. ಹಾಲೇಶ್ ಮತ್ತಷ್ಟು ಸೊರಗಿದ್ದ. ಅವನ ಮುಂದೆ ಭಾರವಾದ ಬೇರೊಂದು ಪ್ಲೇಯರ್. ಆಕೆ ಬಾಯಿ ತೆರೆಯುವ ಮೊದಲೇ ಗಡಬಡಿಸಿ ಮಾತಾಡತೊಡಗಿದ.

“ಬೈಯೋದಿದ್ರ ಆಮ್ಯಾಲ ಬೈರಿ. ಮೊದಲು ಇದನ್ನ ನೋಡ್ರಿ. ಹುಡುಕಿ ಹುಡುಕಿ ಗುಂತಕಲ್ಲಿನಾಗ ಸಿಕ್ಕತು. ಇದರಾಗ ಗಾಲಿನೂ ಇಲ್ಲ, ಬೆಲ್ಟೂ ಇಲ್ಲ, ಮೋಟಾರಿನ ಮ್ಯಾಲೇ ತಟ್ಟೆ. ಈ ಗುಂಡಿ ಹಿಂದಕ್ಕ ಸರಿಸಿದ್ರ ವೇಗ ಇಳೀತೈತಿ. ನಲವತ್ತೊಂದಕ್ಕ ಗುರುತು ಮಾಡೀನಿ. ಅಲ್ಲಿಗಿಟ್ರ... ನಿಮ್ಮ ಅವ್ವ ನಿಮಗ ಸಿಗತಾಳ.”

ಭುವನಾ ಆ ಗುರುತನ್ನು ಬೆರಳಿನಿಂದ ಮುಟ್ಟಿದಳು. “ಅದು ತಪ್ಪು ದನಿ ಅಂದ್ರಿ ನೀವ.”

“ತಪ್ಪ ಹೌದು. ನನ್ನ ಅಳತಿ ಸರಿ ಇತ್ತು. ಆದ್ರ ಸರಿ ಮಾಡಿ ನಿಮ್ಮನ್ನ ಒಂಟಿ ಮಾಡಿದ್ನಲ್ಲ... ಅದು ನಿದ್ದಿ ಕೊಡಲಿಲ್ಲ.”

“ಫೋನ್ ಯಾಕ ಮಾಡಲಿಲ್ಲ?”

“ಬರೇ ಕೈಲೆ ಏನಂತ ಮಾತಾಡ್ಲಿ? ನನಗ ಬಾಯಿ ಇಲ್ಲ. ಇದ್ದದ್ದೂ ಕೆಟ್ಟದ್ದು.”

ಆಕೆ ಚಿಗವ್ವ ಹೇಳಿದ್ದನ್ನೆಲ್ಲ ಹೇಳಿದಳು. ಒದ್ದದ್ದು, ನಕ್ಕದ್ದು, ಎಲ್ಲ. ಹೇಳುತ್ತ ಮತ್ತೆ ಅತ್ತಳು. ಹಾಲೇಶ್ ಕೈ ಮುಂದೆ ಚಾಚಿದ, ಹಿಂದಕ್ಕೆಳೆದುಕೊಂಡ. ಭುವನಾ ತಾನೇ ಆ ಗ್ರೀಸ್ ಮೆತ್ತಿದ ಕೈ ಹಿಡಿದಳು.

“ಹೊಲಸೈತಿ,” ಎಂದ ಮೆಲ್ಲಗೆ.

“ಇರಲಿ.”

“ಎರಡು ದಿನದ ಕೆಲಸಾನ ಎರಡು ವಾರ ಎಳೆದೆ. ಅದಾದ್ರೂ ಗೊತ್ತಾತೇನು ನಿಮಗ?”

“ಪಕೀರಪ್ಪಗೂ ಗೊತ್ತಿತ್ತು. ನನಗ ಗೊತ್ತಾಗಬಾರದೇನು?”

ಹಾಲೇಶ್‌ನ ಕಿವಿ ಕೆಂಪಾಯಿತು.

“ನನಗ ಸಿಟ್ಟು ಜಾಸ್ತಿ, ಭುವನಾ. ಯೋಚನೆ ಮಾಡು.”

“ನನಗೇನು ಕಡಿಮಿ?” ಎಂದಳು ಆಕೆ, ಕೈ ಬಿಡದೆ. “ಅಂಗಡಿ ಮುಚ್ಚು, ನಡಿ. ಚಿಗವ್ವನ ಮುಂದ ಕೂತು ಜಗಳ ಆಡೋಣು.”