ಟೋಪಿ ಇಲ್ಲದ ಹೆಸರು

ಮೂಗು ಹೊಂದಲಿಲ್ಲ.

ಸರ್ಜನ್ ಇನ್ನೊಮ್ಮೆ ಪ್ರಯತ್ನಿಸಿದಳು. ಅರಿವಳಿಕೆಯಲ್ಲಿ ಮಲಗಿದ್ದ ಭೂಗೋಳದ ಟೀಚರ್ ಹಣೆ, ಹುಬ್ಬು, ಮೂಗಿನ ಏಣಿನ ಮೇಲೆ ತೋರುಕಡ್ಡಿಯನ್ನು ನಿಧಾನವಾಗಿ ಆಡಿಸಿದಳು. ಕಡ್ಡಿ ಮುಟ್ಟಿದ ಪ್ರತಿ ಬಿಂದುವನ್ನೂ ಕ್ಯಾಮೆರಾ ಹಿಡಿದು, ಹಿಂದಿನ ದಿನದ ಎಂ.ಆರ್.ಐ. ಚಿತ್ರದಲ್ಲಿರುವ ಮುಖದ ಮೇಲೆ ಕೂರಿಸಬೇಕು. ಆಗಷ್ಟೇ ಬುರುಡೆಯೊಳಗಿನ ಗಡ್ಡೆಗೆ ದಾರಿ ಸಿಗುತ್ತದೆ. ಎರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಸಹಿಸಬಹುದು.

ಪರದೆ ಹನ್ನೊಂದು ಎಂದಿತು.

“ಕ್ಯಾಮೆರಾ ಕೆಟ್ಟಿರಬೇಕು” ಎಂದರು ಅರಿವಳಿಕೆ ಡಾಕ್ಟರು.

“ನಿನ್ನೆ ಸರಿಯಿತ್ತಲ್ಲ?”

ಅವಳು ಬಗ್ಗಿ ಟೀಚರ್ ಮುಖವನ್ನು ಪಕ್ಕದಿಂದ ನೋಡಿದಳು. ನೆಟ್ಟಗಿನ, ಚೂಪು ಮೂಗು. ತಲೆ ಎತ್ತಿ ಪರದೆ ನೋಡಿದಳು. ಅಲ್ಲಿ ಬೂದುಬಣ್ಣದ ಗೆರೆಯಲ್ಲಿದ್ದ ಮೂಗು ನಡುವೆ ಮುರಿದು ಎಡಕ್ಕೆ ವಾಲಿತ್ತು. ಅಲ್ಲಿದ್ದ ಗಡ್ಡೆ ನಿಜ. ಆದರೆ ಅದು ಈ ತಲೆಯದಲ್ಲ.

ಇನ್ನು ಐದು ನಿಮಿಷಕ್ಕೆ ಬುರುಡೆ ಕೊರೆಯುವುದಿತ್ತು.

“ಇವರನ್ನ ಎಬ್ಬಿಸಿ. ಎಬ್ಬಿಸೋ ಮೊದಲು ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ, ಈಗಲೇ. ಪಕ್ಕದಲ್ಲಿ ನೀವೇ ನಿಂತಿರಿ.”

“ನೀವು ಎಲ್ಲಿಗೆ?”

“ಕಡತಮ್ಮನ ಹತ್ರ.”

ಹೊರಗಿನ ಓಣಿಯಲ್ಲಿ ಅವಳು ಇಮೇಜಿಂಗ್ ವಿಭಾಗದ ಮುಖ್ಯಸ್ಥರಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲೇ ತಪ್ಪಿತು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಶಸ್ತ್ರಚಿಕಿತ್ಸಾ ಕೊಠಡಿಯ ಕಡೆಗೇ ನಡೆದುಬರುತ್ತಿದ್ದವರು ಅವಳ ಮುಖ ನೋಡಿ ನಿಂತರು.

“ಏನಾಯ್ತು?”

“ಚಿತ್ರ ಬೇರೆಯವರದ್ದು. ಬನ್ನಿ ನನ್ನ ಜೊತೆ.”

ಕಡತಮ್ಮನ ಕೋಣೆ ನೆಲಮಾಳಿಗೆಯಲ್ಲಿತ್ತು. ಎಕ್ಸ್-ರೇ ಫಿಲ್ಮುಗಳನ್ನು ಕಂದು ಲಕೋಟೆಗಳಲ್ಲಿಟ್ಟು ಕಪಾಟಿಗೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿದ ಹೆಂಗಸು. ಲಕೋಟೆ ಹೋಗಿ ಕಂಪ್ಯೂಟರ್ ಬಂದರೂ ಕಡತಮ್ಮ ಹೋಗಲಿಲ್ಲ. ಆಸ್ಪತ್ರೆಯ ಇಡೀ ಚಿತ್ರಭಂಡಾರ ಈಗ ಅವಳ ಉಸ್ತುವಾರಿ. ಸರ್ಜನ್ ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಳು.

“ಅವಸರ ಬೇಡ. ಚಿತ್ರಗಳು ಸುಳ್ಳು ಹೇಳಲ್ಲ, ಮೇಲೆ ಅಂಟಿಸಿರೋ ಚೀಟಿ ಹೇಳುತ್ತೆ.”

ಒಂದೊಂದು ಚಿತ್ರದ ಬೆನ್ನಿಗೂ ಕಣ್ಣಿಗೆ ಬೀಳದ ಒಂದು ಚೀಟಿ ಇರುತ್ತದೆ. ಹೆಸರು, ನಂಬರು, ಹುಟ್ಟಿದ ದಿನ, ಯಾವ ಯಂತ್ರ, ಎಷ್ಟು ಹೊತ್ತು — ನೂರಾರು ಸಾಲು. ಯಾವ ಸಾಲು ಎಲ್ಲಿ, ಯಾವ ರೂಪದಲ್ಲಿರಬೇಕು ಎಂಬುದಕ್ಕೆ ಡೈಕಾಮ್ ಎಂಬ ಕಟ್ಟುಪಾಡಿದೆ. ಅದಿರುವುದರಿಂದಲೇ ಒಂದು ಆಸ್ಪತ್ರೆಯ ಚಿತ್ರ ಇನ್ನೊಂದು ಆಸ್ಪತ್ರೆಗೆ ಅರ್ಥವಾಗುತ್ತದೆ. ವೈದ್ಯರು ಮೇಲಿನ ಮೂರು ಸಾಲು ಓದಿ ಕೆಲಸಕ್ಕಿಳಿಯುತ್ತಾರೆ. ಕಡತಮ್ಮ ಕೆಳಗಿನಿಂದ ಓದಲು ಶುರುಮಾಡಿದಳು.

“ಟೀಚರ್ ತೂಕ ಎಷ್ಟು?”

“ಐವತ್ಮೂರು ಕಿಲೋ. ಅರಿವಳಿಕೆಗೆ ಇವತ್ತೇ ನೋಡಿದ್ದು.”

“ಇಲ್ಲಿ ಎಂಬತ್ತೆಂಟು.”

ದೊಡ್ಡ ಡಾಕ್ಟರು ಕೈಬೀಸಿದರು. “ಅಂದಾಜಿಗೆ ಏನೋ ಒತ್ತಿರ್ತಾರೆ.”

“ನಮ್ಮ ತಕ್ಕಡಿ ಅಂದಾಜಿಗೆ ಒತ್ತೋನಲ್ಲ” ಎಂದಳು ಕಡತಮ್ಮ.

ತಕ್ಕಡಿ ಎಂದರೆ ಎಂ.ಆರ್.ಐ. ಕೋಣೆಯ ತಂತ್ರಜ್ಞ. ರೋಗಿ ಬಾಯಲ್ಲಿ ಹೇಳುವ ತೂಕವನ್ನು ಅವನು ನಂಬುತ್ತಿರಲಿಲ್ಲ. ಎಲ್ಲರನ್ನೂ ಕಾಟಾದ ಮೇಲೆ ನಿಲ್ಲಿಸುತ್ತಿದ್ದ.

“ಹೆಸರು, ನಂಬರು, ಹುಟ್ಟಿದ ದಿನ — ಈ ಮೂರನ್ನೇ ಯಾರೋ ಬದಲಾಯಿಸಿದ್ದಾರೆ. ಉಳಿದಿದ್ದು ಕಣ್ಣಿಗೆ ಬಿದ್ದಿಲ್ಲ. ಹಾಗಿದ್ರೆ ಟೀಚರದ್ದು ಎಲ್ಲಿ ಹೋಯ್ತು? ನಿನ್ನೆ ತಲೆ ಸ್ಕ್ಯಾನ್ ಆದವರಲ್ಲಿ ಐವತ್ಮೂರು ಕಿಲೋ ಯಾರು?”

ಹುಡುಕಲು ಕ್ಷಣ ಸಾಕಾಯಿತು. ಒಬ್ಬರೇ. ಆ ನಂಬರಿನವರ ನೋಂದಣಿ ತೆರೆದಳು: ಗಂಡಸು, ನಲವತ್ತೊಂಬತ್ತು ವರ್ಷ. ಕಳಿಸಿದವರು: ರೈಲ್ವೆ ವೈದ್ಯಕೀಯ ಕಚೇರಿ. ಉದ್ಯೋಗ: ರೈಲು ಚಾಲಕ.

ಹಾಗಾದರೆ ಗಡ್ಡೆ ಈ ಚಾಲಕರದು ಎಂದು ಸರ್ಜನ್ ಲೆಕ್ಕ ಹಾಕಿದಳು. ಆ ಗಡ್ಡೆಯನ್ನು ಎರಡು ಗಂಟೆ ಕೂತು ಓದಿದ್ದಳು ಅವಳು. ಯಾವ ಗಳಿಗೆಯಲ್ಲಾದರೂ ಫಿಟ್ಸ್ ತರಿಸಬಲ್ಲ ಜಾಗದಲ್ಲಿತ್ತು.

“ಮುಖ ನೋಡೋಣ” ಎಂದಳು ಕಡತಮ್ಮ.

ಪದರ ಪದರವಾಗಿದ್ದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಹೊರಗಿನ ಚರ್ಮವನ್ನಷ್ಟೇ ಉಳಿಸಿಕೊಂಡಳು. ಕತ್ತಲೆಯಿಂದ ಮೇಲೆದ್ದಂತೆ ಒಂದು ಮುಖ ಮೂಡಿತು. ಕೂದಲಿಲ್ಲ, ಬಣ್ಣವಿಲ್ಲ, ಕಣ್ಣು ಮುಚ್ಚಿದೆ. ಅಗಲ ದವಡೆ. ಎಡಕ್ಕೆ ವಾಲಿದ ಮೂಗು.

ಅಷ್ಟರಲ್ಲಿ ಕಡತಮ್ಮ ಹೇಳಿಕಳಿಸಿದ್ದ ತಕ್ಕಡಿಯೂ, ಅವನ ಹಿಂದೆಯೇ ಸೇತುವೆಯೂ ಬಂದರು. ಆಸ್ಪತ್ರೆ ಆಸ್ಪತ್ರೆಗಳ ನಡುವೆ ದಾಖಲೆ ಸಾಗಿಸುವ ಎಂಜಿನಿಯರ್ ಈ ಸೇತುವೆ. ಏನು ಕೇಳಿದರೂ “ನಾನು ಬರೀ ಸೇತುವೆ” ಎನ್ನುವುದು ಅವನ ಅಭ್ಯಾಸವಾದ್ದರಿಂದ ಆ ಹೆಸರು.

“ಈ ಮುಖ ಗೊತ್ತಾ?”

ತಕ್ಕಡಿ ನೋಡಿದೊಡನೆ ಹೇಳಿದ. “ರೈಲ್ವೆ ಡ್ರೈವರ್. ಎಂಬತ್ತೆಂಟು ಕಿಲೋ. ಬೂಟಿನ ತೂಕ ಕಳೀಬೇಕು ಅಂತ ಜಗಳ ತೆಗೆದ್ರು. ಬೂಟು ಬಿಚ್ಚಿಸಿ ಇನ್ನೊಂದು ಸಲ ನಿಲ್ಲಿಸ್ದೆ.”

“ಅವರ ಚಿತ್ರ ರೈಲ್ವೆಗೆ ಹೋಯ್ತಾ?” ಕಡತಮ್ಮ ಸೇತುವೆಯ ಕಡೆ ತಿರುಗಿದಳು.

“ಹೋಯ್ತು. ಮಧ್ಯಾಹ್ನ ಒಂದಕ್ಕೆ.”

“ಸಲೀಸಾಗಿ?”

“ಮೊದಲನೇ ಸಲ ವಾಪಸ್ ಬಂತು. ಹೆಸರು ಒಂದೇ ಮುದ್ದೆಯಾಗಿ ಇತ್ತು, ಅವರ ಯಂತ್ರ ಬೇಡ ಅಂತು. ಟೋಪಿ ಹಾಕಿ ಮತ್ತೆ ಕಳಿಸ್ದೆ. ಆಗಾಗ ಆಗೋದೇ ಇದು. ನಾನು ಬರೀ—”

“ಗೊತ್ತು, ಸೇತುವೆ. ಅವರು ಏನಂದ್ರು?”

“ಸಂಜೆಗೆ ಪ್ರಮಾಣಪತ್ರ ಕೊಟ್ಟಿದ್ದಾರೆ, ನಮಗೂ ಪ್ರತಿ ಬಂದಿದೆ. ಚಾಲನೆಗೆ ಯೋಗ್ಯ. ಇವತ್ತು ಮೊದಲ ಓಟ, ಹತ್ತು ಇಪ್ಪತ್ತಕ್ಕೆ.”

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಆರು ನಿಮಿಷ.

ಸರ್ಜನ್ ಫೋನಿಗೆ ಕೈಹಾಕಿದಳು. ರೈಲ್ವೆಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕರೆ ದಾಟಿಸಿದರು. ಮೂರನೆಯ ದನಿ ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಸಿಕ್ಕಿತು.

“ಮೇಡಂ, ಡ್ರೈವರ್ ಆಗಲೇ ಎಂಜಿನ್ ಹತ್ತಿದ್ದಾರೆ. ನನ್ನ ಮುಂದೆ ಇರೋ ಕಾಗದ ಯೋಗ್ಯ ಅನ್ನುತ್ತೆ. ಯಾರ ಮಾತಿನ ಮೇಲೆ ಇಳಿಸಲಿ?”

“ನನ್ನ ಮಾತಿನ ಮೇಲೆ. ಅವರ ತಲೆಯೊಳಗಿನ ಚಿತ್ರ ನನ್ನ ಕಣ್ಣೆದುರಿಗಿದೆ. ಗಾಡೀಲಿ ಎಷ್ಟು ಜನ ಇದ್ದಾರೆ?”

“ಆರುನೂರರ ಮೇಲೆ.”

“ಹಾಗಾದ್ರೆ ನೀವು ಕೇಳ್ತಿರೋ ಹೊತ್ತಿನಲ್ಲೇ ಇಳಿಸಬಹುದಿತ್ತು.”

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಯಾರೋ ಕೂಗಿದರು. ಯಾರೋ ಓಡಿದರು. ಕೋಣೆಯಲ್ಲಿ ಐದೂ ಜನ ಗಡಿಯಾರ ನೋಡುತ್ತ ನಿಂತರು. ಹತ್ತು ಹದಿನಾಲ್ಕು. ಹತ್ತು ಹದಿನಾರು.

“ಇಳಿಸಿದ್ವಿ ಮೇಡಂ” ಎಂದಿತು ದನಿ. “ಬೇರೆ ಡ್ರೈವರ್ ಹತ್ತಿದ್ರು. ಇವರು ಬೈತಾ ಇದ್ದಾರೆ.”

“ಬೈಲಿ. ಕಾರಲ್ಲಿ ಕೂರಿಸಿ ಇಲ್ಲಿಗೆ ಕಳಿಸಿ. ಒಬ್ಬರೇ ಬರೋದು ಬೇಡ.”

ಫೋನಿಟ್ಟಳು. ಮರುಕ್ಷಣವೇ ಅದು ಮತ್ತೆ ಬಡಿದುಕೊಂಡಿತು. ಅರಿವಳಿಕೆ ಡಾಕ್ಟರು: ಟೀಚರ್ ತಲೆ ಹೊಸ ಸ್ಕ್ಯಾನಿನಲ್ಲಿ ಕನ್ನಡಿಯಷ್ಟು ಸ್ವಚ್ಛ. ಅವರು ಸ್ಕ್ಯಾನಿಗೆ ಬಂದಿದ್ದ ತಲೆನೋವಿಗೆ ಕನ್ನಡಕ ಬದಲಾಯಿಸಿದರೆ ಸಾಕಾಗಬಹುದು. ಸರ್ಜನ್ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಈಗ, ಇದನ್ನ ಮಾಡಿದ್ದು ಯಾರು?”

ಕಡತಮ್ಮ ಚಿತ್ರಭಂಡಾರದ ದಿನಚರಿ ತೆರೆದಳು. ಬದಲಾವಣೆ ಆಗಿದ್ದು ನಿನ್ನೆ ಹನ್ನೊಂದು ಐವತ್ತೆರಡಕ್ಕೆ. ಜಾಗ: ಎಂ.ಆರ್.ಐ. ಕೋಣೆಯ ಕಂಪ್ಯೂಟರ್. ಲಾಗಿನ್: ತಕ್ಕಡಿಯದು.

“ಇನ್ನೇನು ಬೇಕು?” ಎಂದರು ದೊಡ್ಡ ಡಾಕ್ಟರು. “ನಿರ್ದೇಶಕರಿಗೆ ನಾನು ಹೇಳ್ತೀನಿ.”

ತಕ್ಕಡಿಯ ಮುಖ ಬಿಳಿಚಿಕೊಂಡಿತು. “ನಾನಲ್ಲ. ಆ ಹೊತ್ತಿಗೆ ವಾರ್ಡಿಂದ ಗಾಲಿಕುರ್ಚಿ ರೋಗಿನ ಕರೆತರೋಕೆ ಹೋಗಿದ್ದೆ. ಪರದೆ ಹಾಗೇ ಬಿಟ್ಟಿದ್ದೆ. ಅದು ತಪ್ಪೇ.”

“ಆ ಕೋಣೆಯ ಬಾಗಿಲಿನ ಬೀಗದ ಸಂಖ್ಯೆ ಯಾರ್ಯಾರಿಗೆ ಗೊತ್ತು?” ಎಂದು ಕಡತಮ್ಮ ಕೇಳಿದಳು.

“ನನಗೆ. ಸೇತುವೆಗೆ. ದೊಡ್ಡ ಡಾಕ್ಟರಿಗೆ. ಅಷ್ಟೇ.”

“ನಿನ್ನೆ ಹೋಗಿದ್ಯೇನಪ್ಪ?”

“ಹನ್ನೊಂದೂವರೆಗೆ ಹೋಗಿದ್ದೆ, ಕೇಬಲ್ ನೋಡೋಕೆ” ಎಂದ ಸೇತುವೆ.

“ನಾನು ದಿನಾ ಹೋಗ್ತೀನಿ” ಎಂದರು ದೊಡ್ಡ ಡಾಕ್ಟರು. “ಅದು ನನ್ನ ವಿಭಾಗ.”

ಕಡತಮ್ಮ ಮೇಜಿನ ಖಾನೆಯಿಂದ ಮೂರು ಕಾಗದದ ತುಂಡು ತೆಗೆದು ಮೂವರ ಕೈಗೂ ಒಂದೊಂದು ಕೊಟ್ಟಳು.

“ಟೀಚರ್ ಪೂರ್ತಿ ಹೆಸರು ಬರೀರಿ. ಯಂತ್ರದೊಳಗೆ ಹೇಗಿರುತ್ತೋ ಹಾಗೆ. ಪಕ್ಕದವರದ್ದು ನೋಡಬೇಡಿ.”

“ಇದೇನು ಶಾಲೆಯೇ?” ದೊಡ್ಡ ಡಾಕ್ಟರು ಗೊಣಗುತ್ತಲೇ ಬರೆದುಕೊಟ್ಟರು.

ಕಡತಮ್ಮ ಮೂರನ್ನೂ ಸರ್ಜನ್ ಮುಂದೆ ಹರಡಿದಳು. “ವ್ಯತ್ಯಾಸ ಕಾಣುತ್ತಾ?”

ತಕ್ಕಡಿಯ ಕಾಗದದಲ್ಲಿ ಮನೆತನದ ಹೆಸರಿಗೂ ಸ್ವಂತ ಹೆಸರಿಗೂ ನಡುವೆ ಒಂದು ಪುಟ್ಟ ಗುರುತಿತ್ತು. ಚಾವಣಿಯಂತೆ ಎರಡೂ ಕಡೆ ಇಳಿಜಾರು. ಸೇತುವೆಯದರಲ್ಲೂ ಇತ್ತು. ದೊಡ್ಡ ಡಾಕ್ಟರ ಕಾಗದದಲ್ಲಿ ಆ ಜಾಗ ಖಾಲಿ.

“ಇದನ್ನ ನಾವು ಟೋಪಿ ಅಂತೀವಿ” ಎಂದಳು ಕಡತಮ್ಮ. “ಎರಡು ಹೆಸರಿನ ನಡುವೆ ಟೋಪಿ ಇರಲೇಬೇಕು ಅನ್ನೋದು ಕಟ್ಟುಪಾಡು. ಇಲ್ಲದಿದ್ರೆ ಯಂತ್ರಕ್ಕೆ ಎಲ್ಲ ಒಂದೇ ಮುದ್ದೆ. ತಕ್ಕಡಿ ದಿನಾ ನೋಡ್ತಾನೆ, ಸೇತುವೆ ದಿನಾ ತಿದ್ದುತ್ತಾನೆ. ನಿದ್ದೆಗಣ್ಣಲ್ಲಿ ಬರೆದ್ರೂ ಇವರಿಬ್ಬರ ಕೈ ಅದನ್ನ ಬಿಡಲ್ಲ. ಆದರೆ ವರದಿ ಓದೋ ವೈದ್ಯರ ಪರದೆಗೆ ಬರೋ ಹೊತ್ತಿಗೆ ಟೋಪಿ ಕರಗಿ ಬರೀ ಜಾಗ ಉಳಿಯುತ್ತೆ.”

“ನಾನೂ ಟೋಪಿ ಇಲ್ಲದೇ ಬರೀತಿದ್ದೆ” ಎಂದಳು ಸರ್ಜನ್.

“ಬರೀತಿದ್ರಿ. ಆದರೆ ನಿಮಗೆ ಆ ಬಾಗಿಲಿನ ಸಂಖ್ಯೆ ಗೊತ್ತಿಲ್ಲ. ರೈಲ್ವೆ ಯಂತ್ರ ನಿನ್ನೆ ಚಾಲಕರ ಹೆಸರನ್ನ ವಾಪಸ್ ಕಳಿಸಿದ್ದು ಟೋಪಿ ಇಲ್ಲ ಅಂತಲೇ. ಟೀಚರ್ ಹೆಸರಲ್ಲೂ ಇಲ್ಲ, ಈಗ ತಾನೇ ನೋಡಿದೆ. ನೋಂದಣಿ ಪಟ್ಟಿಯಿಂದ ಬಂದ ಹೆಸರಾಗಿದ್ರೆ ಇರ್ತಿತ್ತು. ಇವು ಕೈಯಲ್ಲಿ ಟೈಪ್ ಮಾಡಿದವು.” ಅವಳು ಕನ್ನಡಕ ಮೇಲೆ ಸರಿಸಿದಳು. “ಊರಿಗೆಲ್ಲ ಟೋಪಿ ಹಾಕೋಕೆ ಹೊರಟವರು, ಹೆಸರಿಗೆ ಹಾಕೋದು ಮರೆತ್ರಿ, ಡಾಕ್ಟ್ರೇ.”

ದೊಡ್ಡ ಡಾಕ್ಟರು, ನಿಂತಲ್ಲೇ ಇಪ್ಪತ್ತು ವರ್ಷ ಹೆಚ್ಚಾದವರಂತೆ, ಸ್ಟೂಲಿನ ಮೇಲೆ ಕುಸಿದರು.

“ಅವರು ನಮ್ಮ ಭಾವ” ಎಂದರು. “ಅಕ್ಕನ ಗಂಡ. ನಾನು ಬೆಳೆದಿದ್ದೇ ಅವರ ಮನೇಲಿ. ಇಪ್ಪತ್ತಾರು ವರ್ಷ ಶೆಡ್ಡಿನ ಒಳಗೆ ಖಾಲಿ ಬೋಗಿ ಹಿಂದೆ ಮುಂದೆ ತಳ್ಳಿದ್ದಾರೆ. ದೊಡ್ಡ ಗಾಡಿಗೆ ಇದೇ ಕೊನೇ ಅವಕಾಶ, ವಯಸ್ಸು ಮೀರುತ್ತೆ. ಚಿತ್ರ ನೋಡ್ದೆ. ತಡೆಯೋಕಾಗಲಿಲ್ಲ. ಒಂದು ಸಲ ಓಡಿಸಲಿ, ಆಮೇಲೆ ನಾನೇ ಹೇಳೋಣ ಅಂತ...”

“ವರದಿ ಸುಳ್ಳು ಬರೆದಿದ್ರೆ ಸಾಕಿತ್ತಲ್ಲ?” ಎಂದಳು ಸರ್ಜನ್.

“ರೈಲ್ವೆಯವರು ಚಿತ್ರಾನೇ ತರಿಸ್ಕೊಂಡು ಸ್ವತಃ ನೋಡ್ತಾರೆ. ಅವರು ನೋಡಿ ಮುಗಿಸಿದ ಮೇಲೆ ಎರಡನ್ನೂ ವಾಪಸ್ ಬದಲಾಯಿಸಬೇಕು ಅಂತಿದ್ದೆ. ಅಷ್ಟರಲ್ಲಿ ನಮ್ಮ ಜೂನಿಯರ್ ಟೀಚರದ್ದು ತೆರೆದು, ಗಡ್ಡೆ ನೋಡಿ ನಿಮಗೆ ಫೋನ್ ಮಾಡಿಬಿಟ್ಟ. ಶಸ್ತ್ರಚಿಕಿತ್ಸೆಗೆ ಅಂತ ಒಮ್ಮೆ ಗುರುತಾದ್ರೆ ಚಿತ್ರಕ್ಕೆ ಬೀಗ ಬೀಳುತ್ತೆ. ಇವತ್ತು ಬೆಳಿಗ್ಗೆ ಬದಲಾಯಿಸೋಕೆ ಕೂತಾಗಲೇ ನನಗೆ ಗೊತ್ತಾಗಿದ್ದು. ಹೇಳೋಕೆ ಅಂತಲೇ ನಿಮ್ಮ ಕೊಠಡಿ ಕಡೆ ಬರ್ತಿದ್ದೆ.”

ಸರ್ಜನ್ ಅವರನ್ನೇ ನೋಡಿದಳು. “ಬರ್ತಿದ್ರಿ, ನಿಜ. ನಡೆದುಕೊಂಡು ಬರ್ತಿದ್ರಿ. ಓಡ್ತಿರಲಿಲ್ಲ.”



ನಿರ್ದೇಶಕರು ಬಂದು ದೊಡ್ಡ ಡಾಕ್ಟರನ್ನು ಮೇಲಕ್ಕೆ ಕರೆದೊಯ್ದರು. ಟೀಚರ್ ಗಂಡ ಮೊದಲು ನಂಬಲಿಲ್ಲ, ನಂಬಿದ ಮೇಲೆ ಅಲ್ಲಿದ್ದವರ ಕೈಯನ್ನೆಲ್ಲ ಹಿಡಿದು ಕುಲುಕಿದರು.

ಮಧ್ಯಾಹ್ನದ ಹೊತ್ತಿಗೆ ಚಾಲಕ ಸರ್ಜನ್ ಎದುರು ಕೂತಿದ್ದರು. ಹೊಸ ಸಮವಸ್ತ್ರದ ಗುಂಡಿಗಳು ಹೊಳೆಯುತ್ತಿದ್ದವು. ಬೈಗುಳವೆಲ್ಲ ದಾರಿಯಲ್ಲೇ ಖರ್ಚಾಗಿತ್ತು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು — ಗಡ್ಡೆ, ಜಾಗ, ಅಪಾಯ, ಪೂರ್ತಿ ತೆಗೆಯಬಹುದೆಂಬ ಭರವಸೆ, ಕೊನೆಗೆ ಭಾವಮೈದುನ ಮಾಡಿದ್ದು.



“ಅವನು ನನಗೆ ಹೇಳಬೇಕಿತ್ತು” ಎಂದರು ಚಾಲಕರು. “ನಾನೇ ಇಳೀತಿದ್ದೆ. ಹಿಂದೆ ಜನ ಕೂತಿರ್ತಾರಲ್ಲ.”

ಸಮ್ಮತಿಪತ್ರಕ್ಕೆ ಸಹಿ ಹಾಕಿದರು. ಶಸ್ತ್ರಚಿಕಿತ್ಸೆಯ ಹೊತ್ತಿಗೆ ಹೊರಗೆ ಮನೆಯವರು ಯಾರಿರುತ್ತಾರೆ ಎಂದು ಅವಳು ಕೇಳಿದಳು.

“ಹೆಂಡತಿ ಇರ್ತಾಳೆ.” ಅವರು ಪೆನ್ನು ವಾಪಸ್ ಕೊಟ್ಟರು. “ಅವನೂ ಇರಲಿ, ನಿರ್ದೇಶಕರು ಬಿಟ್ರೆ. ಅವಳಿಗೆ ಒಬ್ಬಳೇ ಕೂತ್ರೆ ಗಾಬರಿಯಾಗುತ್ತೆ. ಆದ್ರೆ ಡಾಕ್ಟ್ರೇ, ಕಂಪ್ಯೂಟರ್ ಇರೋ ಕಡೆ ಮಾತ್ರ ಕೂರಿಸಬೇಡಿ.”