ಒದ್ದೆ ಕಲ್ಲಿಗೆ ಬಿದ್ದ ಹೆಸರು

"ಕಲ್ಲು ಒದ್ದೆ ಇರೋವಾಗ ಯಾರ ಹೆಸರೂ ಎತ್ತಬೇಡಿ, ಸಾಬ್. ಬಾಯಿ ಮುಚ್ಕೊಂಡು ಮಸೀರಿ. ಮುಗೀತಾ, ಬಿಸಿಲಿಗೆ ಇಟ್ಬಿಡಿ."

ಶಿವಾಜಿನಗರದ ಗುಜರಿ ಸಾಲಿನಲ್ಲಿ ಸಾಣೆಚಕ್ರ ತುಳಿಯುತ್ತಿದ್ದ ಮುದುಕ ಚಾಂದ್ ಪಾಷಾ ಹೀಗೆ ಹೇಳಿದ್ದೇ ತಡ, ಲಕ್ಷ್ಮಿಕಾಂತನಿಗೆ ನಗು ತಡೆಯಲಾಗಲಿಲ್ಲ.

"ಎತ್ತಿದ್ರ ಏನಾಗ್ತದ? ಕಲ್ಲು ಓ ಅಂತದೇನು?"

"ಸವೆಸುತ್ತೆ." ಚಕ್ರ ನಿಂತಿತ್ತು. "ಚಾಕೂನಲ್ಲ. ಆ ಹೆಸರಿನೋರನ್ನ. ಹೊಸ ಕಲ್ಲು ತಗೊಳ್ಳಿ ಅಂದ್ರೆ ಕೇಳಲ್ಲ ನೀವು."

ಹೊಸದೇಕೆ? ಅಗ್ಗದ್ದನ್ನು ಆರಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಹಮ್ಮು ಲಕ್ಷ್ಮಿಕಾಂತನಿಗೆ. ನಡುವೆ ತಗ್ಗು ಬಿದ್ದ ಈ ಹಳೇ ಕಪ್ಪು ಮಸೆಗಲ್ಲಿಗೆ ಮುದುಕ ಬೆಲೆಯನ್ನೇ ಹೇಳಿರಲಿಲ್ಲ. "ಇದಕ್ಕೆ ದುಡ್ಡು ಮುಟ್ಟಲ್ಲ, ನನ್ನ ಹತ್ರದಿಂದ ಹೋದ್ರೆ ಸಾಕು" ಎಂದಿದ್ದ. ಇನ್ನೇನು ಬೇಕು!

ಯಾದಗಿರಿ ಕಡೆಯಿಂದ ಬಂದು ಎಂಟು ತಿಂಗಳು. ಟಿನ್ ಫ್ಯಾಕ್ಟರಿ ಹಿಂದಿನ ವಠಾರದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಸಂಸಾರ. ಹೆಂಡತಿ ಗಂಗಾ ಮತ್ತು ಪಕ್ಕದ ಕೋಣೆಯ ಪೀರಮ್ಮ ಸೇರಿ ಜೋಳದ ರೊಟ್ಟಿ, ಪಲ್ಯ ಮಾಡಿ ಮಾರುತ್ತಿದ್ದರು. ದಿನಾ ಬುಟ್ಟಿಗಟ್ಟಲೆ ಕಾಯಿಪಲ್ಯ ಹೆಚ್ಚಬೇಕು, ಒಲೆಗೆ ಸೌದೆ ಒಡೆಯಬೇಕು. ಚಾಕು, ಕೊಡಲಿ ಎರಡೂ ಮೊಂಡು. ಹೋದ ತಿಂಗಳು ಲಕ್ಷ್ಮಿಕಾಂತ ಫೋನಿನಲ್ಲಿ ಹುಡುಕಿ, ಎಲ್ಲಕ್ಕಿಂತ ಅಗ್ಗದ ಒಂದು ಪ್ಲಾಸ್ಟಿಕ್ ಡಬ್ಬಿ ತರಿಸಿದ್ದ. ಅದರ ಸೀಳಿನಲ್ಲಿ ಚಾಕು ಎಳೆದರೆ ಹರಿತವಾಗುತ್ತದಂತೆ. ಅದು ಅಲಗನ್ನು ಇಲಿ ಕಡಿದಂತೆ ಮಾಡಿಟ್ಟಿತು. ನಲ್ಲಿಯ ಹತ್ತಿರ ಎಲ್ಲರ ಮುಂದೆ ಪೀರಮ್ಮ ಚಾಕು ಎತ್ತಿ ತೋರಿಸಿದ್ದಳು: "ಅಣ್ಣಾರ ಚಾಕು ನೋಡ್ರವ್ವಾ, ಬೆಣ್ಣಿ ಕಂಡ್ರೂ ಅಂಜ್ತದ!" ಆ ನಗು ಅವನ ಕಿವಿಯಲ್ಲಿ ಮುಳ್ಳಾಗಿ ಕೂತಿತ್ತು.

ಅದಕ್ಕೇ, ಅಂದು ಮನೆಗೆ ಬಂದು, ಬಕೆಟ್ಟಿನ ನೀರಿನಲ್ಲಿ ನೆನೆದ ಕಲ್ಲು ಗುಳ್ಳೆ ಬಿಡುವುದು ನಿಂತಾಗ, ಕೊಡಲಿಯನ್ನು ಓರೆಯಾಗಿ ಹಿಡಿದು, ಕಿಸಕ್ಕನೆ ನಕ್ಕು ಅಂದ:

"ಪೀರಮ್ಮ."

ಸರ್‌ರ್... ಸರ್‌ರ್... ಕೊಡಲಿಗೆ ಕೂದಲು ಸೀಳುವ ಹರಿತ ಬಂತು. ಕಲ್ಲಿನ ಮೇಲೆ ಬೂದು ಬಣ್ಣದ ರಾಡಿ. ಅದರ ವಾಸನೆ ಮಾತ್ರ ಕಬ್ಬಿಣದ್ದಲ್ಲ, ಸುಟ್ಟ ಉಗುರಿನದು.

ಎರಡು ದಿನಕ್ಕೆ ಪೀರಮ್ಮ ರೇಷನ್ ಅಂಗಡಿಯಿಂದ ಬರಿಗೈಲಿ ಬಂದಳು. ಯಂತ್ರ ಅವಳ ಹೆಬ್ಬೆಟ್ಟು ಒಪ್ಪಲಿಲ್ಲ. ಹತ್ತು ಬೆರಳಲ್ಲಿ ಒಂದನ್ನೂ ಒಪ್ಪಲಿಲ್ಲ. ಅಂಥದ್ದರಲ್ಲೂ, ಜೊತೆಗಿದ್ದ ಗಂಗಾಳನ್ನು ಅಂಗಡಿಯವನು ಗಂಡನ ಹೆಸರು ಕೇಳಿದಾಗ ಎಂದಿನಂತೆ ಪೀರಮ್ಮನೇ ಹೇಳಿಕೊಟ್ಟಿದ್ದಳು. ಮದುವೆಯಾದ ಹನ್ನೊಂದು ವರ್ಷದಲ್ಲಿ ಗಂಗಾ ಗಂಡನ ಹೆಸರನ್ನು ಬಾಯಿಂದ ಎತ್ತಿದವಳಲ್ಲ.

"ನೋಡ್ರಿ ಅಣ್ಣಾ," ಎಂದು ಪೀರಮ್ಮ ಅಂಗೈ ಚಾಚಿದಳು. ಒಂದೂ ಗೆರೆಯಿಲ್ಲ. ಹೊಳೆಯ ಕಲ್ಲಿನಂಥ ನುಣುಪು. "ಹಂಚು ಮುಟ್ಟಿದ್ರೂ ಬಿಸಿ ತಿಳೀವಲ್ದು. ನಾ ಹೆಂಗ ರೊಟ್ಟಿ ಬಡೀಲಿ?"

ಲಕ್ಷ್ಮಿಕಾಂತ ಆ ಅಂಗೈಯಿಂದ ಕಣ್ಣು ತಪ್ಪಿಸಿದ. "ಸೋಪು ಬದಲಿಸು," ಎಂದ.

ಅಲ್ಲಿಂದ ನೇರ ಶಿವಾಜಿನಗರಕ್ಕೆ ಓಡಿದ.

"ಯಾರ ಹೆಸರು ಎತ್ತಿದ್ರಿ?"

"ನಾನಲ್ಲ. ನನ್ನ ಗೆಳೆಯ ಒಬ್ಬ..."

ಚಾಂದ್ ಪಾಷಾ ಅವನ ಮುಖ ನೋಡಲಿಲ್ಲ. "ಹಾಗಾದ್ರೆ ನಿಮ್ಮ ಗೆಳೆಯನಿಗೆ ಹೇಳಿ. ಎತ್ತಿದವನ ಹೆಸರು ಒದ್ದೆ ಕಲ್ಲಿಗೆ ಬಿದ್ರೆ ಮೊದಲಿನೋರನ್ನ ಬಿಟ್ಟು ಅವನನ್ನ ಹಿಡಿಯುತ್ತೆ. ಇವತ್ತೇ ಆಗ್ಬೇಕು. ಬೆರಳಾದ ಮೇಲೆ ಮುಖ."

ಮನೆ ಸೇರುವಾಗ ಸಂಜೆ. ಕರೆಂಟು ಹೋಗಿತ್ತು. ಕೋಣೆಯೊಳಗೆ ಕತ್ತಲು, ಸೌದೆಯ ಹೊಗೆ, ಅದೇ ಸುಟ್ಟ ಉಗುರಿನ ವಾಸನೆ. ಬಿಸಿಲಿಗೆ ಇಡದೆ ಬಕೆಟ್ಟಿನಲ್ಲೇ ಬಿಟ್ಟಿದ್ದ ಕಲ್ಲು, ಯಾರೂ ಮುಟ್ಟದೆ, ತಾನಾಗಿ ಮಸೆಯುತ್ತಿತ್ತು. ಸರ್‌ರ್. ಗೋಡೆಯಾಚೆಯಿಂದ ಪೀರಮ್ಮನ ದನಿ: "ಗಂಗವ್ವಾ, ಕನ್ನಡಿ ತಾ... ನನ್ನ ಹುಬ್ಬು ಎಲ್ಲಿ ಹೋತು?"

ಕಲ್ಲು ಎತ್ತಿಟ್ಟ. ಕೊಡಲಿ ಹಿಡಿದ. "ಲ..." ಎಂದ. ನಿಂತ. ತಾನು ದುಡಿಯುವ ಗೋದಾಮಿನ ಬಾಗಿಲಲ್ಲಿ ದಿನಾ ಹೆಬ್ಬೆಟ್ಟಿನ ಹಾಜರಿ. ತನ್ನ ಕೆಲಸ. ತನ್ನ ಮುಖ. ಮತ್ತೆ ಬಾಯಿ ತೆರೆದ. ಮುಚ್ಚಿದ.

"ಏನ್ ಮಾಡೀರಿ?" ಬಾಗಿಲಲ್ಲಿ ಗಂಗಾ.

ಹೇಳಿದ. ನಲ್ಲಿಯ ನಗು, ಕಲ್ಲು, ಮುದುಕ, ಇಲ್ಲದ ಗೆಳೆಯ. ಎಲ್ಲವನ್ನೂ.

"ಹಂಗಾದ್ರ ಹೇಳ್ರಿ. ನಿಮ್ಮ ಹೆಸರು ಹೇಳ್ರಿ."

ಅವನು ನೆಲ ನೋಡಿದ. ಗೋಡೆಯಾಚೆ ಪೀರಮ್ಮನ ಮಾತು ತೊದಲಿತು. ತುಟಿಯಿಲ್ಲದವರ ಮಾತು.

"ಹೇಳ್ರೀ!"

ಅವನು ಕೊಡಲಿಯನ್ನು ಕಲ್ಲಿನಿಂದ ದೂರಕ್ಕೆ, ತನ್ನತ್ತ ಎಳೆದುಕೊಂಡ.

ಗಂಗಾ ಎದುರಿಗೆ ಕೂತಳು. ಕೊಡಲಿ ಕಿತ್ತುಕೊಂಡಳು. ಕಲ್ಲಿಗೆ ನೀರು ಚಿಮುಕಿಸಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಲಕ್ಷ್ಮಿಕಾಂತ," ಎಂದಳು.

ಸರ್‌ರ್.

ಬೆಳಿಗ್ಗೆ ಪೀರಮ್ಮ ಬಿಸಿ ರೊಟ್ಟಿ ಹಿಡಿದು ಬಾಗಿಲಿಗೆ ಓಡಿ ಬಂದಳು. ಇನ್ನೂ ಕರೆಂಟು ಬರದ ಕೋಣೆಯ ಮೂಲೆಯಲ್ಲಿ ಅವನು ಕತ್ತಲಲ್ಲಿ ಕೂತಿದ್ದ. ಹುಬ್ಬು, ತುಟಿ, ನಗು ಎಲ್ಲ ಇದ್ದ ಜಾಗದಲ್ಲೇ ಇತ್ತು. "ಅಣ್ಣಾ, ಬೆರಳು ಬಂದ್ವು! ನೀವ್ ಹೇಳ್ದಂಗ ಸೋಪು ಬದಲಿಸಿದ್ನಿ ನೋಡ್ರಿ!"

ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿ. ಅವನ ಕೈಗೆ ಬಿಸಿ ತಿಳಿಯಲಿಲ್ಲ. ಗಂಗಾ ತಿರುಗಿ ನೋಡಲಿಲ್ಲ. ಏನ್ರೀ ಎಂದು ಕರೆಯುವುದನ್ನೂ ಅವಳು ಬಿಟ್ಟಿದ್ದಳು. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಲು ಲಕ್ಷ್ಮಿಕಾಂತ ಕೈ ಎತ್ತಿದ.

ಅಂಗೈ ಹಣೆಯಿಂದ ಗದ್ದದವರೆಗೆ, ಎಲ್ಲೂ ತಡೆಯದೆ, ಜಾರಿತು.